ಸಾರಿನ ಹುಳಿಗೆ ಊರು ಯಾವುದು?

ಸುರಪುರದ ಇತಿಹಾಸ ಹೇಳಿ ಅಂದರೆ ನಮ್ಮ ಶಾಲೆಯ ಮಕ್ಕಳು ಉಸಿರು ಬಿಡದೆ ಒಪ್ಪಿಸುತ್ತಾರೆ. ರಾಜಾ ವೆಂಕಟಪ್ಪ ನಾಯಕರು, 1858ರ ಹೋರಾಟ, ಮೆಡೋಸ್ ಟೇಲರ್, ಗುಡ್ಡದ ಮೇಲಿನ ಅವನ ಬಂಗಲೆ. ಶಹಾಪುರದ ಹುಡುಗರಾದರೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡವನ್ನು ಕೈಮಾಡಿ ತೋರಿಸುತ್ತಾರೆ. ಯಾದಗಿರಿಯವರಿಗೆ ಕೋಟೆ ಇದೆ. ಸಮಾಜ ವಿಜ್ಞಾನ ಕಲಿಸುತ್ತ ನನ್ನ ತಲೆಯ ಕೂದಲು ನೆರೆತಿವೆ. ಈ ಪಾಠಗಳ ಬಗ್ಗೆ ನನಗೆ ಗೌರವವೇ ಇದೆ. ಆದರೂ ಒಂದು ಮಾತು. ಆ ಪುಸ್ತಕಗಳಲ್ಲಿ ಕತ್ತಿ ಇದೆ, ಕುದುರೆ ಇದೆ, ಒಪ್ಪಂದದ ಕಾಗದ ಇದೆ. ಒಲೆಯ ಮೇಲಿನ ಗಡಿಗೆ ಮಾತ್ರ ಒಂದೂ ಇಲ್ಲ. ಇಷ್ಟೆಲ್ಲ ಕಾದಾಡಿದವರು ಸಂಜೆಗೆ ಏನು ಉಂಡರು, ಅದನ್ನು ಯಾರು ಬೇಯಿಸಿದರು, ಬೇಯಿಸಿದಾಕೆಗೆ ಎಷ್ಟು ಉಳಿಯಿತು ಎನ್ನುವುದು ಯಾವ ಪರೀಕ್ಷೆಯಲ್ಲೂ ಎರಡು ಅಂಕದ ಪ್ರಶ್ನೆಯಾಗಿ ಬಂದದ್ದನ್ನು ನಾನು ಕಂಡಿಲ್ಲ.

ನಮ್ಮ ಕಡೆಯ ಊಟ ನಿಮಗೆ ಗೊತ್ತೇ ಇದೆ. ಜೋಳದ ರೊಟ್ಟಿ, ಅದಕ್ಕೊಂದು ಪಲ್ಯ, ಹಿಂಡಿ, ಮೇಲೆ ಒಂದು ಬಟ್ಟಲು ಹುಳಿ ಸಾರು. ರೊಟ್ಟಿ ಖಡಕ್ ಆದಷ್ಟೂ ಸಾರು ಬೇಕು. ಮುರಿದು, ಮೇಲೆ ಸಾರು ಸುರಿದು, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟರೆ ನಿನ್ನೆಯ ರೊಟ್ಟಿಯೂ ಇವತ್ತಿನದಾಗುತ್ತದೆ. ಹುಳಿಗೆ ನಮ್ಮಲ್ಲಿ ಒಂದೇ ದಾರಿ ಇಲ್ಲ. ವರ್ಷವಿಡೀ ಹುಣಸೆಹಣ್ಣು, ಮಳೆಗಾಲದಿಂದ ಪುಂಡಿ, ಬೇಸಿಗೆಗೆ ಮಾವಿನಕಾಯಿ, ಯುಗಾದಿಯ ಹೊತ್ತಿಗೆ ಹುಣಸೆಯ ಚಿಗುರು, ಮನೆಯಲ್ಲಿ ಎಮ್ಮೆ ಕಟ್ಟಿದವರಿಗೆ ಮಜ್ಜಿಗೆ. ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟಿಗೆ ಹುಣಸೆಹುಳಿ, ಚೂರು ಬೆಲ್ಲ, ಹುರಿದ ಕೊಬ್ಬರಿ, ಜೀರಿಗೆ, ಲವಂಗ, ದಾಲ್ಚಿನ್ನಿ ಬಿದ್ದರೆ ಅದು ಕಟ್ಟಿನ ಸಾರು. ನಿಜ ಹೇಳಬೇಕೆಂದರೆ ನನಗೆ ಹೋಳಿಗೆಗಿಂತ ಅದರ ಸಾರೇ ಇಷ್ಟ.

ಈ ಸಾರು ನಮ್ಮದೇ, ನಮ್ಮ ನೆಲದ್ದೇ, ಬೇರೆ ಯಾರಿಗೂ ಇಂಥದ್ದು ಗೊತ್ತಿರಲಾರದು ಎಂದು ನಾವು ಹೆಂಗಸರು ಒಳಗೊಳಗೆ ನಂಬಿರುತ್ತೇವೆ. ಆ ನಂಬಿಕೆಯನ್ನು ಅಲುಗಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ನರ್ಸಿಂಗ್ ಓದಿ ಕುವೈತಿಗೆ ಹೋದವಳು. ಅವಳ ಕೋಣೆಯಲ್ಲಿ ಫಿಲಿಪೈನ್ಸ್ ದೇಶದ ಇಬ್ಬರು ನರ್ಸುಗಳಿದ್ದರು. ರಜೆಗೆ ಬಂದಾಗ ಮನೆಗೆ ಬಂದು ಹೇಳಿದಳು: “ಟೀಚರ್, ಅವ್ರೂ ನಮ್ಮಂಗ ಹುಣಸಿಹಣ್ಣ ಕಿವುಚಿ ಸಾರ ಮಾಡ್ತಾರ್ರೀ! ಡ್ಯೂಟಿ ಮುಗಿಸಿ ಬಂದ ದಿನ ಅದ ಬೇಕು ಅವ್ರಿಗಿ. ಮನಿ ನೆನಪಾದ್ರ ಅದನ್ನ ಮಾಡ್ತಾರ, ಅಳ್ತಾರ, ಉಣ್ತಾರ.”

ಆ ಸಾರಿನ ಹೆಸರು ಸಿನಿಗಾಂಗ್. ಅವರ ತಗಾಲೊಗ್ ಭಾಷೆಯಲ್ಲಿ ಹುಣಸೆಗೆ ಸಂಪಾಲೊಕ್ ಎನ್ನುತ್ತಾರೆ. ಮೀನು, ಸೀಗಡಿ, ಹಂದಿಮಾಂಸ, ಯಾವುದು ಸಿಕ್ಕರೆ ಅದು. ಜೊತೆಗೆ ಮೂಲಂಗಿ, ಉದ್ದ ಅಲಸಂದೆ ಕಾಯಿ, ಬೆಂಡೆ, ಬದನೆ, ಕೆಸುವಿನ ಗಡ್ಡೆ, ನೀರಿನಲ್ಲಿ ಬೆಳೆಯುವ ಒಂದು ಸೊಪ್ಪು. ಹುಳಿಗೆ ಹುಣಸೆಕಾಯಿ. ಅದಿಲ್ಲದ ಊರಿನಲ್ಲಿ ಬಿಂಬುಳಿ, ಮಾವಿನಕಾಯಿ, ಹುಳಿಯಾದ ಪೇರಲ ಹಣ್ಣು. ಅನ್ನದ ಜೊತೆ ಉಣ್ಣುತ್ತಾರೆ. ಒಂದು ಮಾತು ಕೇಳಿ ನಾನು ಕಿವಿ ನಿಮಿರಿಸಿದೆ: ಅದಕ್ಕೆ ಬರೀ ನೀರು ಹಾಕುವುದಿಲ್ಲವಂತೆ, ಅಕ್ಕಿ ತೊಳೆದ ಎರಡನೆಯ ನೀರು ಹಾಕುತ್ತಾರಂತೆ. ನಾವು ಬೇಳೆ ಬಸಿದ ನೀರನ್ನು ಚೆಲ್ಲುವುದಿಲ್ಲ, ಅವರು ಅಕ್ಕಿ ತೊಳೆದ ನೀರನ್ನು ಚೆಲ್ಲುವುದಿಲ್ಲ. ನಡುವೆ ಒಂದು ಇಡೀ ಸಮುದ್ರ ಇದೆ, ಬುದ್ಧಿ ಒಂದೇ.

ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಹೀಗಾಗಿ ನಾನು ಕಾಯಿಪಲ್ಯದ್ದೇ ಮಾಡಿದೆ. ನಾಲ್ಕು ಮಂದಿಗೆ ಆರು ಲೋಟ ಅಕ್ಕಿ ತೊಳೆದ ನೀರು, ಅದರಲ್ಲಿ ಹೆಚ್ಚಿದ ಒಂದು ಉಳ್ಳಾಗಡ್ಡಿ, ಎರಡು ಟೊಮೆಟೊ. ಕುದಿ ಬಂದ ಮೇಲೆ ಕೆಸುವಿನ ಗಡ್ಡೆ ಮತ್ತು ಮೂಲಂಗಿ, ಅರೆ ಬೆಂದಾಗ ಅಲಸಂದೆ ಕಾಯಿ ಮತ್ತು ಬದನೆ, ಆಮೇಲೆ ಇಡಿಯಾಗಿ ಬೆಂಡೆಕಾಯಿ, ಇಡಿಯಾಗಿಯೇ ಎರಡು ಹಸಿ ಮೆಣಸಿನಕಾಯಿ. ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು. ಇಳಿಸುವಾಗ ಒಂದು ಹಿಡಿ ಪಾಲಕ್. ಅರಿಷಿಣ ಇಲ್ಲ, ಖಾರದ ಪುಡಿ ಇಲ್ಲ, ಮಸಾಲೆ ಇಲ್ಲ. ಕಾಯಿಪಲ್ಯಗಳ ರುಚಿ ಒಂದೊಂದಾಗಿ ಬೇರೆ ಬೇರೆಯೇ ನಾಲಿಗೆಗೆ ತಾಗುತ್ತದೆ. ಹುಳಿ ಮಾತ್ರ ಎಲ್ಲವನ್ನೂ ಕಟ್ಟಿ ಹಿಡಿದಿರುತ್ತದೆ. ನಮ್ಮ ಅತ್ತೆಯವರು ಎರಡು ಬಟ್ಟಲು ಕುಡಿದು, ಬಾಯಿ ಒರೆಸಿಕೊಂಡು ಅಂದರು: “ಸಾರ ಛಲೋ ಅದ ಯವ್ವಾ, ಖರೆ ಒಗ್ಗರಣಿ ಕೊಡಾದ ಮರ್ತಿದಿ ನೋಡು.”

ಇಷ್ಟು ದೂರದ ಎರಡು ನಾಡುಗಳಿಗೆ ಒಂದೇ ಹುಳಿ ಹೇಗೆ ಬಂತು? ಇಲ್ಲಿಂದ ಅಲ್ಲಿಗೆ ಹೋಯಿತೆ? ಪಾಠ ಹೇಳುವವರಿಗೆ ಇಂಥ ಪ್ರಶ್ನೆ ತಲೆಗೆ ಹೊಕ್ಕರೆ ನಿದ್ದೆ ಬರುವುದಿಲ್ಲ. ಹುಡುಕುತ್ತ ಹೋದಾಗ ಮೊದಲು ಸಿಕ್ಕ ಸಂಗತಿಯೇ ಬೆಚ್ಚಿಬೀಳಿಸುವಂಥದು. ಹುಣಸೆ ಮೂಲತಃ ಭಾರತದ ಗಿಡವೇ ಅಲ್ಲ, ಆಫ್ರಿಕದ್ದು. ಇಲ್ಲಿಗೆ ಬಂದು ಮೂರು ಸಾವಿರ ವರ್ಷಗಳಾದರೂ ಆಗಿವೆ. ಉತ್ತರ ಪ್ರದೇಶದ ನರ್ಹನ್ ಎಂಬಲ್ಲಿ ಅಗೆದಾಗ ಅಷ್ಟು ಹಳೆಯ ಹುಣಸೆ ಕಟ್ಟಿಗೆಯ ಇದ್ದಿಲು ಸಿಕ್ಕಿದೆ. ಅರಬ್ ವ್ಯಾಪಾರಿಗಳು ಇದನ್ನು ನಮ್ಮಿಂದ ಕೊಂಡು ‘ತಮರ್ ಹಿಂದಿ’ ಎಂದು ಕರೆದರು. ಹಿಂದದ ಖರ್ಜೂರ ಎಂದು ಅರ್ಥ. ಯುರೋಪಿನವರ ಟ್ಯಾಮರಿಂಡ್ ಅದೇ ಮಾತು. 1753ರಲ್ಲಿ ಲಿನೇಯಸ್ ಎಂಬ ವಿಜ್ಞಾನಿ ಗಿಡಗಳಿಗೆ ಹೆಸರಿಡುವಾಗ ಇದಕ್ಕೆ ಟ್ಯಾಮರಿಂಡಸ್ ಇಂಡಿಕಾ ಎಂದೇ ಬರೆದುಬಿಟ್ಟ. ಹುಟ್ಟಿದ್ದು ಒಂದು ಮನೆ, ಹೆಸರು ಸೇರಿದ ಮನೆಯದು. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಣಸೆಯಾದರೂ ಹೋಗಲಿ, ಪುಂಡಿ? ಜೋಳದ ಹೊಲದ ಅಂಚಿಗೆ ಸಾಲು ಹಾಕಿ, ಎಲೆ ಪಲ್ಯಕ್ಕೆ ಕಿತ್ತು, ದಂಟನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು ಹಗ್ಗ ಹೊಸೆಯುವ ನಮ್ಮ ಪುಂಡಿ? ಅದೂ ಆಫ್ರಿಕದ್ದು. ಹಾಗಿದ್ದರೆ ಜೋಳ? ಜೋಳವನ್ನು ಮೊದಲು ಬೇಸಾಯಕ್ಕೆ ತಂದವರು ಇವತ್ತಿನ ಸುಡಾನ್ ಕಡೆಯ ಜನ. ಅಂದರೆ ರೊಟ್ಟಿ, ಪುಂಡಿಪಲ್ಯ, ಹುಣಸೆ ಸಾರು, ಹೀಗೆ ಅಪ್ಪಟ ನಮ್ಮದೆಂದು ಎದೆ ತಟ್ಟಿಕೊಳ್ಳುವ ತಾಟಿನಲ್ಲಿ ಮೂರಕ್ಕೆ ಮೂರೂ ಸಮುದ್ರ ದಾಟಿ ಬಂದವು. ಇಲ್ಲಿಯದೇ ಎಂದು ಹೇಳಬಹುದಾದದ್ದು ತೊಗರಿ. ಅದು ಭಾರತದಲ್ಲೇ ಪಳಗಿದ ಕಾಳು. 2019ರಲ್ಲಿ ಕಲಬುರಗಿ ತೊಗರಿಗೆ ಸರ್ಕಾರದ ಭೌಗೋಳಿಕ ಗುರುತು ಕೂಡ ಸಿಕ್ಕಿತು. ಗಡಿಗೆಯೊಳಗೆ ಬಂದವರೆಲ್ಲರಿಗೂ ಜಾಗ ಕೊಟ್ಟದ್ದು ಈ ತೊಗರಿಬೇಳೆಯೇ.

ಹಾಗಾದರೆ ಜೋಳ, ಹುಣಸೆ ಬರುವ ಮುಂಚೆ ಇಲ್ಲಿಯವರು ಏನು ಉಣ್ಣುತ್ತಿದ್ದರು? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ, ಹೆಸರಿನಲ್ಲೇ ಬೂದಿ ಇದೆ ನೋಡಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆಸಿ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಾಹಿಗಳ ಊರನ್ನು ತೋರಿಸಿದರು. ಸೆಗಣಿ ಸುಟ್ಟ ಬೂದಿಯ ದಿಬ್ಬ, ದನದ ದೊಡ್ಡಿ, ಮಾಂಸ ಕಡಿದ ಜಾಗ ಎಲ್ಲ ಸಿಕ್ಕಿವೆ. ಆ ಕಾಲದಲ್ಲಿ ನಮ್ಮ ದಖ್ಖನ್ನಿನ ಕಡೆ ಬೆಳೆಯುತ್ತಿದ್ದದ್ದು ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಧಾನ್ಯಗಳು ಎಂದು ತಿಳಿದವರು ಹೇಳುತ್ತಾರೆ. ಹುರುಳಿ ಬೇಯಿಸಿದರೆ ಕಟ್ಟು ಬಂದೇ ಬರುತ್ತದೆ. ದನ ಇದ್ದ ಮೇಲೆ ಮೊಸರು ಹುಳಿಯಾಗಿಯೇ ಆಗುತ್ತದೆ. ಮಿಕ್ಕದ್ದನ್ನು ನೀವೇ ಊಹಿಸಿಕೊಳ್ಳಿ. ಅಲ್ಲಿಯ ಮಡಕೆ ಚೂರುಗಳ ಬಗ್ಗೆ ಓದುವಾಗ ನನಗೆ ಪಂಡಿತರ ಚರ್ಚೆಗಿಂತ ಆ ಮಡಕೆ ತಿಕ್ಕಿದ ಕೈಗಳದೇ ನೆನಪು.

ಆಮೇಲೆ ಬರವಣಿಗೆಯ ಕಾಲ. ನಮ್ಮ ಸೀಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಅವರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಕನ್ನಡದಲ್ಲಿ ‘ಲೋಕೋಪಕಾರ’ ಬರೆದು ಅದರಲ್ಲಿ ಅಡಿಗೆಗೂ ಒಂದು ಅಧ್ಯಾಯ ಕೊಟ್ಟ. ಮುಂದೆ 1130ರ ಸುಮಾರಿಗೆ ಆ ವಂಶದ ದೊರೆ ಮೂರನೆಯ ಸೋಮೇಶ್ವರನೇ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಅರಮನೆಯ ಊಟವನ್ನು ಬಾಯಲ್ಲಿ ನೀರೂರುವಂತೆ ವಿವರಿಸಿದ. ರಾಜನೊಬ್ಬ ಅಡಿಗೆಯ ಬಗ್ಗೆ ಬರೆದನಲ್ಲ ಎಂದು ಸಂತೋಷವಾಗುತ್ತದೆ. ಆದರೆ ಆ ಪುಸ್ತಕದಲ್ಲಿ ಮೆಣಸಿನಕಾಯಿ ಹುಡುಕಿದರೆ ಸಿಗದು. ಖಾರಕ್ಕೆ ಕಾಳುಮೆಣಸೇ ಗತಿ. ಮೆಣಸಿನಕಾಯಿ, ಟೊಮೆಟೊ, ಶೇಂಗಾ, ಆಲೂಗಡ್ಡೆ ಎಲ್ಲ ಅಮೆರಿಕದವು. ವಾಸ್ಕೋ ಡ ಗಾಮ 1498ರಲ್ಲಿ ದಾರಿ ಕಂಡುಹಿಡಿದ ಮೇಲೆ ಪೋರ್ಚುಗೀಸರ ಹಡಗಿನಲ್ಲಿ ಬರತೊಡಗಿದವು. ಬಸವಣ್ಣನವರ ಮಹಾಮನೆಯ ದಾಸೋಹದಲ್ಲಿ ಖಾರದ ಹಿಂಡಿ ಇರಲಿಲ್ಲ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ಈಗಲೂ ನಂಬುವುದಿಲ್ಲ. ಟೊಮೆಟೊ ನಮ್ಮ ಹಳ್ಳಿಗಳ ಒಲೆಗೆ ಹತ್ತಿದ್ದು ತೀರ ಈಚೆಗೆ. ಹಳೆಯ ಹೆಂಗಸರು ಅದನ್ನು ಚಪ್ಪರಬದನಿ ಎಂದು ಕರೆದು ಸ್ವಲ್ಪ ದೂರವೇ ಇಟ್ಟಿದ್ದರು.

ಫಿಲಿಪೈನ್ಸಿನ ಗಡಿಗೆಗೂ ಇಂಥದೇ ಕಥೆ. ಆ ದ್ವೀಪಗಳು 1565ರಿಂದ 1898ರವರೆಗೆ ಸ್ಪೇನಿನವರ ಕೈಯಲ್ಲಿದ್ದವು. ಮನಿಲಾದಿಂದ ಮೆಕ್ಸಿಕೊದ ಅಕಾಪುಲ್ಕೊಗೆ 1815ರವರೆಗೂ ಅವರ ದೊಡ್ಡ ಹಡಗುಗಳು ಓಡಾಡಿದವು. ಅವರ ಸಾರಿನ ಟೊಮೆಟೊ, ಮೆಣಸಿನಕಾಯಿ ಅಮೆರಿಕದಿಂದ ಬಂದವು. ಸ್ಪೇನಿನವರ ಕಾಲದಲ್ಲೇ ಹುಣಸೆ ಮೆಕ್ಸಿಕೊ ಮುಟ್ಟಿ, ಅಲ್ಲಿಯ ಮಕ್ಕಳು ನಮ್ಮ ಚಿಗಳಿಯಂತೆ ಉಪ್ಪು, ಖಾರ, ಸಕ್ಕರೆ ಬೆರೆಸಿ ಚೀಪುವಂತಾಯಿತು. ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. 1762ರಲ್ಲಿ ಇಂಗ್ಲಿಷರು ಮದರಾಸಿನಿಂದ ಹಡಗು ಕಳಿಸಿ ಮನಿಲಾ ಹಿಡಿದರು. 1764ರಲ್ಲಿ ಬಿಟ್ಟು ಬರುವಾಗ ಅವರ ದಂಡಿನ ದಕ್ಷಿಣ ಭಾರತದ ಸಿಪಾಯಿಗಳು ಕೆಲವರು ಅಲ್ಲೇ ಉಳಿದುಬಿಟ್ಟರು. ಮನಿಲಾದ ಹತ್ತಿರ ಕಾಯಿಂಟಾ ಎಂಬ ಊರಿನಲ್ಲಿ ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ನೆಲೆನಿಂತ ಅವರ ಸಂತತಿ ಇಂದಿಗೂ ಇದೆ. ಆ ಸಿಪಾಯಿಗಳಿಗೆ ಹೆಂಡಿರು ಬಡಿಸಿದ ಮೊದಲ ಹುಳಿ ಸಾರು ಹೇಗೆನಿಸಿತೋ. ನಮ್ಮ ಅತ್ತೆಯವರಂತೆ ಒಗ್ಗರಣೆ ಎಲ್ಲಿ ಎಂದು ಕೇಳಿರಲಿಕ್ಕೂ ಸಾಕು.

ಮನಿಲಾದಲ್ಲಿ ಡೊರೀನ್ ಫರ್ನಾಂಡೀಸ್ ಎಂಬ ಅಧ್ಯಾಪಕಿ ಇದ್ದರು, 2002ರಲ್ಲಿ ತೀರಿಕೊಂಡರು. ತಮ್ಮ ಜನರ ರುಚಿಯನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವ ಅಡಿಗೆ ಈ ಹುಳಿ ಸಾರೇ ಎಂದು ವಾದಿಸಿ ಅವರೊಂದು ಪ್ರಬಂಧ ಬರೆದಿದ್ದಾರೆ. ಉಳ್ಳವರಿಗೂ ಇಲ್ಲದವರಿಗೂ ಒಗ್ಗುತ್ತದೆ, ಯಾವ ಕಾಲದಲ್ಲಿ ಏನು ಸಿಗುತ್ತದೋ ಅದರಲ್ಲಿ ಆಗುತ್ತದೆ ಎನ್ನುವುದು ಅವರ ಮಾತಿನ ತಿರುಳು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು ಒಂದು ಗಡಿಗೆ ಸಾರಿನ ಮೇಲೆ ಗಂಭೀರವಾಗಿ ಬರೆಯಬಹುದು ಎಂದು ತಿಳಿದಾಗ ನನಗೆ ಧೈರ್ಯ ಬಂತು. ಈ ಬರಹಕ್ಕೆ ಅದೇ ಮುನ್ನುಡಿ ಎನ್ನಿ.

ಇಲ್ಲದವರಿಗೂ ಒಗ್ಗುತ್ತದೆ ಎಂದಾಗ ನನಗೆ ನಮ್ಮ ಅವ್ವನ ಬರಗಾಲದ ಮಾತು ನೆನಪಾಗುತ್ತದೆ. 1972ರ ಬರದಲ್ಲಿ ನಾನು ಕೂಸು. ಕಲ್ಲು ಒಡೆಯುವ ಕಾಮಗಾರಿಗೆ ಮನೆಮಂದಿಯೆಲ್ಲ ಹೋಗುತ್ತಿದ್ದರಂತೆ. ತಿನ್ನಲು ಸಿಕ್ಕದ್ದು ಅಮೆರಿಕದಿಂದ ತರಿಸಿದ ಕೆಂಪು ಜೋಳ. ಆಫ್ರಿಕದಿಂದ ಅಮೆರಿಕಕ್ಕೆ ಹೋದ ಜೋಳವೇ ಹೀಗೆ ಬರಗಾಲದ ಕಾಳಾಗಿ ನಮ್ಮ ಬಾಗಿಲಿಗೆ ಬಂತೆಂದು ಪಾಪ ಅವರಿಗೆ ಯಾರು ಹೇಳಬೇಕು? ಆ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ. ಇಳಿಸಿದ್ದು ಹುಣಸೆ ನೀರು. ನಾಲ್ಕು ಹಿಡಿ ಬೇಳೆ, ಉಣ್ಣುವವರು ಹನ್ನೊಂದು ಮಂದಿ. ಹುಣಸೆಹುಳಿ ಹಿಂಡಿ, ನೀರು ಸುರಿದು, ಬೆಳ್ಳುಳ್ಳಿ ಜಜ್ಜಿ ಹಾಕಿ ಕುದಿಸಿದರೆ ಗಡಿಗೆ ತುಂಬುತ್ತಿತ್ತು. ಬಡಿಸುವುದಕ್ಕೂ ಒಂದು ಲೆಕ್ಕ. ದುಡಿದು ಬಂದ ಗಂಡಸರಿಗೆ ಸೌಟು ತಳ ಮುಟ್ಟಿ ಬರಬೇಕು, ಮಕ್ಕಳಿಗೆ ನಡುವಿನದು, ಕೊನೆಗೆ ಕೂಡುವ ಹೆಂಗಸರಿಗೆ ಮೇಲಿನ ತಿಳಿ. ಕಲ್ಲು ಒಡೆಯುವಲ್ಲಿ ಹೆಂಗಸರ ದುಡಿತ ಕಡಿಮೆ ಇರಲಿಲ್ಲ. “ತಿಳಿ ಸಾರ ನಮಗ ಬಾಳ ಸೇರ್ತಿತ್ತವ್ವಾ” ಎಂದು ಅವ್ವ ನಗುತ್ತ ಹೇಳುತ್ತಿದ್ದಳು. ಸೇರುತ್ತಿತ್ತೋ, ಸೇರಿಸಿಕೊಂಡಳೋ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಹೆಂಗಸರಿಗೆ ತಿಳಿ ಸಾರೇ ಇಷ್ಟ ಎಂಬ ಮಾತಿದೆ. ಆ ಇಷ್ಟ ಎಲ್ಲಿ ಹುಟ್ಟಿತೆಂದು ಕೇಳುವವರು ಕಡಿಮೆ.

ಹುಣಸೆ ಕೊಡುತ್ತಿದ್ದದ್ದು ಹುಳಿಯೊಂದನ್ನೇ ಅಲ್ಲ. ಬರ ಬಿದ್ದಾಗ ಬೀಜ ಹುರಿದು ತಿಂದವರಿದ್ದಾರೆ. ಬೀಜ ಅರೆದು ಕಾಯಿಸಿದ ಸರಿಯನ್ನು ಕುರುಬರು ಕಂಬಳಿಯ ನೂಲಿಗೆ ಹಚ್ಚಿ ಗಟ್ಟಿ ಮಾಡುತ್ತಿದ್ದರು. ಒಡೆದ ಬೀಜ ಚೌಕಾಬಾರಾದ ಕವಡೆಯಾಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಒಂದು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಜಜ್ಜಿ, ಬೀಜ ಬಿಡಿಸಿ, ನಾರು ತೆಗೆದು, ಉಪ್ಪು ಬೆರೆಸಿ ಮಡಕೆಗೆ ತುಂಬುವ ಕೆಲಸ ವಾರಗಟ್ಟಲೆ ನಡೆಯುತ್ತಿತ್ತು. ನಮ್ಮ ಊರಿನ ಅರ್ಧ ಮದುವೆಗಳು ಕುದುರಿದ್ದು, ಅರ್ಧ ಜಗಳಗಳು ಹುಟ್ಟಿದ್ದು ಆ ಪಡಸಾಲೆಯಲ್ಲಿಯೇ.

ನಮ್ಮದು ನಿಜಾಮರ ಸೀಮೆ. ಸುರಪುರವನ್ನು ಇಂಗ್ಲಿಷರು 1860ರಲ್ಲಿ ನಿಜಾಮರಿಗೆ ಒಪ್ಪಿಸಿದ ಮೇಲೆ 1948ರ ಸೆಪ್ಟೆಂಬರದವರೆಗೆ ಹೈದರಾಬಾದೇ ನಮ್ಮ ರಾಜಧಾನಿ. ನಮ್ಮಪ್ಪ ಮೊದಲು ಕಲಿತ ಅಕ್ಷರ ಉರ್ದು. ಆ ಸಂಬಂಧ ಕಾಗದದಲ್ಲಿ ಮುಗಿದರೂ ಒಲೆಯಲ್ಲಿ ಮುಗಿದಿಲ್ಲ. ನಮ್ಮ ಪುಂಡಿ ಪಕ್ಕದ ಮನೆಯ ಚಾಚಿಯ ಕೈಯಲ್ಲಿ ಅಂಬಾಡಾ. ನಮ್ಮ ಹುಳಿಬ್ಯಾಳಿ ಅವರ ಖಟ್ಟೀ ದಾಲ್. ನಾವು ಒಗ್ಗರಣೆ ಅಂದರೆ ಅವರು ಬಗಾರ ಅನ್ನುತ್ತಾರೆ. ಗೋಡೆಯ ಮೇಲಿಂದ ಬಟ್ಟಲು ಆಚೆ ಈಚೆ ಹೋಗುವಾಗ ಹೆಸರು ಬದಲಾಗುತ್ತದೆ, ಹುಳಿ ಬದಲಾಗುವುದಿಲ್ಲ.

ಸಿನಿಗಾಂಗಿಗೆ ನಿಜವಾದ ಅಕ್ಕತಂಗಿಯರು ಬೇಕಾದರೆ ಕೃಷ್ಣಾ, ಭೀಮಾ ದಂಡೆಯ ಅಂಬಿಗರ ಓಣಿಗಳಿಗೆ ಹೋಗಬೇಕು. ಭೀಮಾ ದಂಡೆಯ ನನ್ನ ಗೆಳತಿಯೊಬ್ಬಳು ಮೀನು ಸಾರಿನ ಗುಟ್ಟು ಹೇಳಿದಳು: ಹುಣಸೆಹುಳಿ ಮೊದಲು ಚೆನ್ನಾಗಿ ಕುದ್ದು ಹಸಿ ವಾಸನೆ ಹೋಗಬೇಕು, ಮೀನು ಕೊನೆಗೆ; ಹಾಕಿದ ಮೇಲೆ ಸೌಟು ಆಡಿಸಬಾರದು, ಗಡಿಗೆಯನ್ನೇ ಹಿಡಿದು ತಿರುವಬೇಕು. ಸೌಟು ತಾಗಿದರೆ ಮೀನು ಮುರಿಯುತ್ತದೆ. ಮರುದಿನ ಇನ್ನೂ ರುಚಿ. ಹುಳಿ ಇದ್ದರೆ ಬೇಗ ಕೆಡುವುದಿಲ್ಲ. ಸೆಖೆಯ ನಾಡಿನವರಿಗೆಲ್ಲ ಇದು ಗೊತ್ತಿದ್ದ ವಿದ್ಯೆ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಕಾಲುವೆ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು, ಜೋಳ ಇದ್ದಲ್ಲಿ ಭತ್ತ ನಿಂತಿತು. ಬೇಡವೆನ್ನಲು ನಾನ್ಯಾರು? ಬರ ಕಂಡವರು ನೀರಿಗೆ ಕೈಮುಗಿಯಲೇಬೇಕು. ಆದರೆ ಜೋಳದ ಹೊಲ ಹೋದಾಗ ಅದರ ಅಂಚಿನ ಪುಂಡಿಯೂ ಹೋಯಿತು. ರಸ್ತೆ ಅಗಲವಾಗುವಾಗ ಸಾಲು ಹುಣಸೆಮರಗಳು ಉರುಳಿದವು. ಅನ್ನಕ್ಕೆ ಗಟ್ಟಿ ಸಾಂಬಾರು ಬಂತು, ಸಾಂಬಾರಿಗೆ ಪುಡಿಯ ಪೊಟ್ಟಣ ಬಂತು. ಕುವೈತಿನ ಹುಡುಗಿ ನನಗೆಂದು ತಂದದ್ದೂ ಒಂದು ಪೊಟ್ಟಣವೇ: ಒಣಗಿದ ಸಿನಿಗಾಂಗ್ ಪುಡಿ, ನೀರಿಗೆ ಹಾಕಿದರೆ ಹುಳಿ ತಯಾರು. ಅವರ ಊರಿನ ಪೇಟೆ ಹೆಂಗಸರೂ ಈಗ ಹುಣಸೆ ಕಿವುಚುವುದಿಲ್ಲವಂತೆ. ನೌಕರಿ ಮಾಡಿ ಸುಸ್ತಾಗಿ ಬಂದವಳು ಪೊಟ್ಟಣ ಹರಿದರೆ ನಾನು ತಪ್ಪು ಎನ್ನಲಾರೆ, ನಾನೂ ಹರಿದಿದ್ದೇನೆ. ಬೇಸರ ಬೇರೆ ಕಡೆ ಇದೆ. ಡಬ್ಬಿಯಲ್ಲಿ ಪುಂಡಿಪಲ್ಯ ಇದ್ದರೆ ನಮ್ಮ ಹೆಣ್ಣುಮಕ್ಕಳು ಮುಚ್ಚಳ ಅರ್ಧ ಮುಚ್ಚಿ ಉಣ್ಣುತ್ತಾರೆ, ಹಳ್ಳಿಯವರು ಅಂದಾರು ಎಂದು. ಅಂಥವರನ್ನು ಕಂಡಾಗ ನಾನು ಸುಮ್ಮನೆ ಪಕ್ಕದಲ್ಲಿ ಕೂತು ನನ್ನ ಡಬ್ಬಿ ತೆರೆಯುತ್ತೇನೆ. ಆಫ್ರಿಕದಿಂದ ಹಡಗು ಹತ್ತಿ ಬಂದ ಪಲ್ಯ ಕಣೇ ಇದು, ನಿನಗಿಂತ ಜಾಸ್ತಿ ಊರು ನೋಡಿದೆ ಎಂದರೆ ನಗುತ್ತಾರೆ. ಮುಚ್ಚಳ ಪೂರ್ತಿ ತೆರೆಯುತ್ತದೆ.

ಇನ್ನು ಚಿಗುರಿನ ಮಾತು. ಫಿಲಿಪೈನ್ಸಿನವರು ಎಳೆಯ ಹುಣಸೆ ಎಲೆ ಹಾಕಿ ಕೋಳಿಯ ಹುಳಿ ಸಾರು ಮಾಡುತ್ತಾರೆ, ಅದಕ್ಕೆ ಬೇರೆಯೇ ಹೆಸರಿದೆ. ನಮ್ಮಲ್ಲಿ ಯುಗಾದಿ ಆಸುಪಾಸಿಗೆ ಚಿಗುರು ಕೆಂಪಾಗಿ ಮಿನುಗುವಾಗ ಕೆಲವೇ ದಿನ ಎಳೆಯದಿರುತ್ತದೆ. ಮುಂಜಾನೆ ಬಿಸಿಲೇರುವ ಮುಂಚೆ ಕಿತ್ತ ಎರಡು ಹಿಡಿ ಚಿಗುರು ಸಾಕು. ದಂಟು ಬಿಡಿಸಿ, ಕೈಯಲ್ಲೇ ಉಜ್ಜಿ, ಬೆಂದ ತೊಗರಿಬೇಳೆಗೆ ಹಾಕಿ ಒಂದೇ ಕುದಿ ಕುದಿಸಿ. ಬೇರೆ ಹುಳಿ ಬೇಡ. ಹಸಿಮೆಣಸಿನಕಾಯಿ, ಉಪ್ಪು, ಒಗ್ಗರಣೆಗೆ ಜಜ್ಜಿದ ಬೆಳ್ಳುಳ್ಳಿ. ಬಡಿಸುವಾಗ ಗಡಿಗೆಯನ್ನು ತಳದಿಂದ ಒಮ್ಮೆ ಕಲಕಿ, ಎಲ್ಲರ ಬಟ್ಟಲಿಗೂ ಬೇಳೆ ಬರಲಿ.